ಡ್ರೈವರ್ ತಾನಾಗಿ ಮಾಡುವ ಪ್ರಿಪೇರ್: ಬಿಡಬೇಕಾ, ತಡೆಯಬೇಕಾ, ತಡೆದರೆ ಎಲ್ಲಿ?

ಅಪ್ಲಿಕೇಶನ್‌ಗೂ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೂ ನಡುವೆ ಒಂದು ಕನೆಕ್ಷನ್ ಪೂಲರ್ (ಕೆಲವೇ ಡೇಟಾಬೇಸ್ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ತಂತ್ರಾಂಶ) ಕೂರಿಸಿದ ಮರುದಿನ ಬೆಳಿಗ್ಗೆ, ಲಾಗ್ ತುಂಬ ಒಂದೇ ಸಾಲು: ‘ಎಸ್_1 ಎಂಬ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇಲ್ಲ’. ಕೋಡನ್ನೆಲ್ಲ ಹುಡುಕಿದೆವು. ಎಸ್_1 ಅನ್ನುವ ಹೆಸರನ್ನು ನಮ್ಮಲ್ಲಿ ಯಾರೂ ಇಟ್ಟಿರಲಿಲ್ಲ. ಇಟ್ಟಿದ್ದು ಡ್ರೈವರ್, ಅಂದರೆ ಅಪ್ಲಿಕೇಶನ್ ಪರವಾಗಿ ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ. ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ ಅನ್ನುವುದಕ್ಕೂ ಕಾರಣ ಸರಳವಾಗಿತ್ತು. ನಾವು ಒಂದೊಂದು ಕ್ವೆರಿಯನ್ನು ಎರಡು ಮೂರು ಸಲ ಓಡಿಸಿ ಸರಿ ಇದೆ ಅಂದುಕೊಂಡಿದ್ದೆವು. ಕ್ವೆರಿಯನ್ನು ಸರ್ವರ್‌ನಲ್ಲಿ ಒಮ್ಮೆ ತಯಾರಿಸಿ, ಮತ್ತೆ ಬಳಸಲು ಹೆಸರಿಟ್ಟು ಉಳಿಸುವುದೇ ಪ್ರಿಪೇರ್. ಅದಕ್ಕೆ ಡ್ರೈವರ್ 5ನೇ ಸಲಕ್ಕೆ ಕಾಯುತ್ತಿತ್ತು.

ಆ ದಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಮೊದಲ ಸ್ವಿಚ್ ಒತ್ತಿದೆವು. ಎರರ್ ನಿಂತಿತು. ಆದರೆ ಅದು ಸರಿಯಾದ ಸ್ವಿಚ್ ಆಗಿರಲಿಲ್ಲ. ಇದನ್ನು ಹತೋಟಿಗೆ ತರಲು ಡ್ರೈವರ್‌ನಲ್ಲಿ, ಪೂಲರ್‌ನಲ್ಲಿ, ಸರ್ವರ್‌ನಲ್ಲಿ, ಕೊನೆಗೆ ಒಂದೊಂದು ಕ್ವೆರಿಯಲ್ಲೂ ದಾರಿಗಳಿವೆ. ತೊಂದರೆ ಯಾವ ಪದರದಲ್ಲಿದೆಯೋ ಅದೇ ಪದರದಲ್ಲಿ ಸರಿಪಡಿಸಿದರೆ ಮಾತ್ರ ಲಾಭ ಉಳಿಯುತ್ತದೆ. ಇಲ್ಲಿ ಹೋಲಿಸುತ್ತಿರುವುದು ಆ ದಾರಿಗಳನ್ನೇ. ಹೆಚ್ಚಿನ ಮಾತು ಪೋಸ್ಟ್‌ಗ್ರೆಸ್ ಬಗ್ಗೆ, ಯಾಕೆಂದರೆ ಆಯ್ಕೆಗಳು ಜಾಸ್ತಿ ಇರುವುದು ಅಲ್ಲೇ.

ಮೊದಲು ಒಂದು ಗೊಂದಲ ಕಳೆಯೋಣ

‘ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಆಫ್ ಮಾಡಿದರೆ ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ ಬಾಗಿಲು ತೆರೆದಂತೆ’ ಎಂದು ಹಲವರು ಹೆದರುತ್ತಾರೆ, ಅಂದರೆ ಬಳಕೆದಾರರು ಕೊಟ್ಟ ಮೌಲ್ಯದಲ್ಲಿ ಅಡಗಿದ ಕ್ವೆರಿ ಓಡಿಬಿಡುತ್ತದೆ ಎಂದು. ಈ ಮಾತು ಅರ್ಧ ಸರಿ. ಪೋಸ್ಟ್‌ಗ್ರೆಸ್ ಜೊತೆ ಮಾತಾಡಲು ಎರಡು ರೀತಿಗಳಿವೆ. ಎಕ್ಸ್‌ಟೆಂಡೆಡ್ ರೀತಿಯಲ್ಲಿ ಕ್ವೆರಿಯ ಪಠ್ಯ ಬೇರೆ, ಮೌಲ್ಯಗಳು ಬೇರೆ ಹೋಗುತ್ತವೆ. ಸಿಂಪಲ್ ರೀತಿಯಲ್ಲಿ ಎಲ್ಲವೂ ಒಂದೇ ಪಠ್ಯವಾಗಿ ಹೋಗುತ್ತದೆ. ಮೌಲ್ಯಗಳನ್ನು ಡ್ರೈವರ್ ತಾನೇ ಕ್ವೆರಿಯೊಳಗೆ ಹೊಲಿದು ಕಳಿಸುತ್ತದೆ.

ಎಕ್ಸ್‌ಟೆಂಡೆಡ್ ರೀತಿಯಲ್ಲೂ ಮತ್ತೆ ಎರಡು ಬಗೆ. ಸ್ಟೇಟ್‌ಮೆಂಟ್‌ಗೆ ಹೆಸರಿಟ್ಟರೆ ಅದು ಆ ಸರ್ವರ್ ಕನೆಕ್ಷನ್‌ನ ನೆನಪಿನಲ್ಲಿ ಉಳಿಯುತ್ತದೆ. ಮುಂದಿನ ಸಲ ಹೆಸರು ಹೇಳಿದರೆ ಸಾಕು. ಹೆಸರಿಡದಿದ್ದರೆ ಮುಂದಿನ ಕ್ವೆರಿ ಬಂದಾಗ ಹಿಂದಿನದು ಅಳಿಸಿಹೋಗುತ್ತದೆ. ಈ ಎರಡನೆಯ ಬಗೆಯಲ್ಲೂ ಮೌಲ್ಯಗಳು ಪ್ರತ್ಯೇಕವಾಗಿಯೇ ಹೋಗುತ್ತವೆ, ಹಾಗಾಗಿ ರಕ್ಷಣೆ ಹಾಗೆಯೇ ಇರುತ್ತದೆ. ಕಳೆದುಕೊಳ್ಳುವುದು ಮತ್ತೆ ಪಾರ್ಸ್ ಮಾಡುವ (ಕ್ವೆರಿಯ ಪಠ್ಯ ಬಿಡಿಸಿ ಓದುವ), ಮತ್ತೆ ಪ್ಲ್ಯಾನ್ ಮಾಡುವ (ಓಡಿಸುವ ದಾರಿ ಆರಿಸುವ) ಸಮಯವನ್ನು ಮಾತ್ರ.

ಅಂದರೆ ‘ಹೆಸರಿಡುವುದನ್ನು ನಿಲ್ಲಿಸು’ ಬೇರೆ, ‘ಸಿಂಪಲ್ ರೀತಿಗೆ ಬಾ’ ಬೇರೆ. ನಾವು ಆ ಬೆಳಿಗ್ಗೆ ಒತ್ತಿದ್ದು ಎರಡನೆಯದನ್ನು. ಅದು ಎಷ್ಟು ದುಬಾರಿ ಆಗಬಹುದು ಅನ್ನುವುದಕ್ಕೆ 2024ರ ಫೆಬ್ರವರಿಯಲ್ಲಿ ಹೊರಬಂದ ಒಂದು ಲೋಪ ಸಾಕ್ಷಿ. ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ ಡ್ರೈವರ್ ಸಿಂಪಲ್ ರೀತಿಯಲ್ಲಿದ್ದಾಗ, ಕ್ವೆರಿಯಲ್ಲಿ ಪ್ಲೇಸ್‌ಹೋಲ್ಡರ್‌ಗೆ (ಮೌಲ್ಯ ಬಂದು ಕೂರುವ ಜಾಗ) ಅಂಟಿಕೊಂಡಂತೆ ಒಂದು ಮೈನಸ್ ಚಿಹ್ನೆ ಇತ್ತು ಅಂದುಕೊಳ್ಳಿ. ಅಲ್ಲಿಗೆ ಋಣ ಸಂಖ್ಯೆ ಬಂದರೆ ಎರಡು ಮೈನಸ್ ಪಕ್ಕಪಕ್ಕ ಕೂರುತ್ತವೆ. ಎಸ್‌ಕ್ಯುಎಲ್‌ನಲ್ಲಿ ಎರಡು ಮೈನಸ್ ಅಂದರೆ ಕಾಮೆಂಟ್! ಸಾಲಿನ ಉಳಿದ ಭಾಗ ಮಾಯವಾಗುತ್ತದೆ, ಅದೇ ಸಾಲಿನಲ್ಲಿ ಬರುವ ಸ್ಟ್ರಿಂಗ್ ಮೌಲ್ಯದ ಮೂಲಕ ಕಳ್ಳ ಕ್ವೆರಿ ನುಸುಳಬಹುದು. 42.7.2 ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಗೋ ಭಾಷೆಯ ಪಿಜಿಎಕ್ಸ್ ಡ್ರೈವರ್‌ನ 4ನೇ ಪೀಳಿಗೆಯಲ್ಲೂ ಇಂಥದ್ದೇ ಲೋಪ ಸಿಕ್ಕಿ 4.18.2ರಲ್ಲಿ ಸರಿಯಾಯಿತು. ಎಕ್ಸ್‌ಟೆಂಡೆಡ್ ರೀತಿಯಲ್ಲಿ ಇದ್ದವರಿಗೆ ಈ ಲೋಪ ತಟ್ಟಲೇ ಇಲ್ಲ. ಸಿಂಪಲ್ ರೀತಿ ಕೆಟ್ಟದ್ದು ಅಂತಲ್ಲ. ಆದರೆ ಅದನ್ನು ಕೊನೆಯ ಆಯ್ಕೆಯಾಗಿಯೇ ಇಟ್ಟುಕೊಳ್ಳಿ ಎಂದು ಗಟ್ಟಿಯಾಗಿ ಹೇಳುತ್ತೇನೆ.

ಯಾವ ಡ್ರೈವರ್ ಏನು ಮಾಡುತ್ತದೆ

ಡ್ರೈವರ್‌ಗಳ ಸ್ವಭಾವ ಒಂದೇ ತರಹ ಇಲ್ಲ. ಒಂದರ ಅನುಭವವನ್ನು ಇನ್ನೊಂದಕ್ಕೆ ಹಾಕಿದರೆ ಮೋಸ ಹೋಗುತ್ತೀರಿ.

ಜಾವಾದ ಜೆಡಿಬಿಸಿ ಡ್ರೈವರ್ ಎಣಿಸುತ್ತದೆ. ‘ಪ್ರಿಪೇರ್ ಥ್ರೆಶೋಲ್ಡ್’ ಎಂಬ ಸೆಟ್ಟಿಂಗ್‌ನ ಡಿಫಾಲ್ಟ್ 5, ಅಂದರೆ 5ನೇ ಸಲ ಓಡುವಾಗ ಹೆಸರಿಡುತ್ತದೆ. ಪ್ರತಿ ಕನೆಕ್ಷನ್‌ಗೆ 256 ಕ್ವೆರಿಗಳು ಅಥವಾ 5 ಎಂಬಿ, ಯಾವ ಮಿತಿ ಮೊದಲು ಬರುತ್ತದೋ ಅಲ್ಲಿಯವರೆಗೆ ಕ್ಯಾಶೆಯಲ್ಲಿ ಇಟ್ಟುಕೊಳ್ಳುತ್ತದೆ. ಪೈಥಾನ್‌ನ ಸೈಕೋಪಿಜಿ 3 ಕೂಡ ಎಣಿಸುತ್ತದೆ. ಅದರ ಥ್ರೆಶೋಲ್ಡ್ ಕೂಡ 5, ಇಟ್ಟುಕೊಳ್ಳುವುದು 100 ಸ್ಟೇಟ್‌ಮೆಂಟ್.

ಪಿಜಿಎಕ್ಸ್ 5 ಮತ್ತು ಪೈಥಾನ್‌ನ ಅಸಿಂಕ್‌ಪಿಜಿ ಎಣಿಸುವುದೇ ಇಲ್ಲ, ಮೊದಲ ಸಲಕ್ಕೇ ಪ್ರಿಪೇರ್ ಮಾಡಿ ಇಡುತ್ತವೆ. ಮೊದಲನೆಯದು 512ರವರೆಗೆ, ಎರಡನೆಯದು 100ರವರೆಗೆ. ರೂಬಿ ಭಾಷೆಯ ರೈಲ್ಸ್ ಫ್ರೇಮ್‌ವರ್ಕ್ ಪೋಸ್ಟ್‌ಗ್ರೆಸ್ ಜೊತೆ ಡಿಫಾಲ್ಟ್ ಆಗಿ 1000 ಸ್ಟೇಟ್‌ಮೆಂಟ್‌ವರೆಗೆ ಹಿಡಿದಿಡುತ್ತದೆ. ಡಾಟ್‌ನೆಟ್‌ನ ಎನ್‌ಪಿಜಿಎಸ್‌ಕ್ಯುಎಲ್ ಇವೆಲ್ಲಕ್ಕೆ ಉಲ್ಟಾ. ನೀವಾಗಿ ‘ಮ್ಯಾಕ್ಸ್ ಆಟೋ ಪ್ರಿಪೇರ್’ ಏರಿಸುವವರೆಗೂ ತಾನಾಗಿ ಏನೂ ಮಾಡುವುದಿಲ್ಲ.

ಆಫ್ ಮಾಡುವಾಗ ಒಂದು ಸೊನ್ನೆಯ ಬಗ್ಗೆ ಎಚ್ಚರ ಇರಲಿ. ಜೆಡಿಬಿಸಿಯಲ್ಲಿ ಥ್ರೆಶೋಲ್ಡ್‌ಗೆ 0 ಕೊಟ್ಟರೆ ಹೆಸರಿಡುವುದು ಪೂರ್ತಿ ನಿಲ್ಲುತ್ತದೆ. ಸೈಕೋಪಿಜಿ 3ರಲ್ಲಿ 0 ಕೊಟ್ಟರೆ ಮೊದಲ ಸಲಕ್ಕೇ ಪ್ರಿಪೇರ್ ಮಾಡು ಎಂದು ಅರ್ಥ! ಅಲ್ಲಿ ನಿಲ್ಲಿಸಬೇಕಾದರೆ ‘ನನ್’, ಅಂದರೆ ಪೈಥಾನ್‌ನ ‘ಏನೂ ಇಲ್ಲ’ ಮೌಲ್ಯ, ಕೊಡಬೇಕು. ಎರಡೂ ಭಾಷೆ ಬಳಸುವ ತಂಡದಲ್ಲಿ ಒಬ್ಬರ ಸೆಟ್ಟಿಂಗ್ ನೋಡಿ ಇನ್ನೊಬ್ಬರು ನಕಲು ಮಾಡಿದರೆ, ಬೇಕಾದದ್ದರ ನೇರ ವಿರುದ್ಧ ಆಗುತ್ತದೆ. ಅಸಿಂಕ್‌ಪಿಜಿಯಲ್ಲಿ ಕ್ಯಾಶೆ ಗಾತ್ರಕ್ಕೆ 0 ಕೊಟ್ಟರೆ ಆಫ್. ರೈಲ್ಸ್‌ನಲ್ಲಿ ಡೇಟಾಬೇಸ್ ಫೈಲಿನಲ್ಲೇ ಒಂದು ಸಾಲು ಫಾಲ್ಸ್ ಮಾಡಿದರೆ ಆಯಿತು.

ಪಿಜಿಎಕ್ಸ್ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತದೆ, ಮತ್ತು ಈ ವಿನ್ಯಾಸ ನನಗೆ ತುಂಬ ಇಷ್ಟ. ಪೂರ್ತಿ ಸ್ಟೇಟ್‌ಮೆಂಟ್ ಇಟ್ಟುಕೊಳ್ಳುವುದು ಮೇಲಿನ ಮೆಟ್ಟಿಲು. ಅದರ ಕೆಳಗೆ ಟೈಪ್‌ಗಳ ವಿವರವನ್ನು ಮಾತ್ರ ನೆನಪಿಟ್ಟು, ಹೆಸರಿಲ್ಲದೆ, ಸರ್ವರ್‌ಗೆ ಒಂದೇ ಓಡಾಟದಲ್ಲಿ ಕ್ವೆರಿ ಕಳಿಸುವುದು. ಇಲ್ಲಿ ಟೈಪ್‌ಗಳು ಬದಲಾಗುವುದಿಲ್ಲ ಎಂದು ಡ್ರೈವರ್ ನಂಬಿಕೊಂಡಿರುತ್ತದೆ. ಅದರ ಕೆಳಗೆ ಪ್ರತಿ ಸಲ ವಿವರ ಕೇಳಿ ಆಮೇಲೆ ಓಡಿಸುವುದು, ಇದಕ್ಕೆ ಎರಡು ಓಡಾಟ ಬೇಕು. ಇನ್ನೂ ಕೆಳಗೆ, ವಿವರ ಕೇಳದೆ ಗೋ ಟೈಪ್ ನೋಡಿಯೇ ಊಹಿಸಿ ಕಳಿಸುವುದು. ತೀರಾ ಕೆಳಗೆ ಸಿಂಪಲ್ ರೀತಿ. ಪೂಲರ್ ಜೊತೆ ಎರರ್ ಬಂದವರು ಅನೇಕರು ನೇರ ಕೆಳಗಿನ ಮೆಟ್ಟಿಲಿಗೆ ಹಾರುತ್ತಾರೆ. ನಡುವಿನ ಮೆಟ್ಟಿಲುಗಳಲ್ಲೇ ಕೆಲಸ ಆಗುತ್ತಿತ್ತು.

ಪೂಲರ್ ನಡುವೆ ಇದ್ದರೆ

ಹೆಸರಿಟ್ಟ ಸ್ಟೇಟ್‌ಮೆಂಟ್ ಒಂದು ಸರ್ವರ್ ಕನೆಕ್ಷನ್‌ನ ಸ್ವತ್ತು. ಪೂಲರ್ ಸೆಷನ್ ರೀತಿಯಲ್ಲಿದ್ದರೆ ತೊಂದರೆ ಇಲ್ಲ, ನಿಮ್ಮ ಕನೆಕ್ಷನ್ ಇರುವಷ್ಟು ಹೊತ್ತು ಸರ್ವರ್ ಕನೆಕ್ಷನ್ ಕೂಡ ಅದೇ. ಟ್ರಾನ್ಸಾಕ್ಷನ್ ರೀತಿಯಲ್ಲಿ ಪ್ರತಿ ಟ್ರಾನ್ಸಾಕ್ಷನ್‌ಗೂ (ಒಟ್ಟಿಗೆ ಪೂರ್ತಿಯಾಗುವ ಕ್ವೆರಿಗಳ ಗುಂಪಿಗೂ) ಬೇರೆ ಬೇರೆ ಸರ್ವರ್ ಕನೆಕ್ಷನ್ ಸಿಗಬಹುದು. ಆಗ ಎರಡು ತರಹದ ಎರರ್ ಬರುತ್ತದೆ. ‘ಎಸ್_1 ಇಲ್ಲ’, ಇದರ ಕೋಡ್ 26000. ಅಥವಾ ‘ಎಸ್_1 ಈಗಾಗಲೇ ಇದೆ’. ಎರಡನೆಯದು ಅಪ್ಲಿಕೇಶನ್ ರೀಸ್ಟಾರ್ಟ್ ಆದ ಮೇಲೆ ಜಾಸ್ತಿ. ಹೊಸ ಪ್ರೋಸೆಸ್ ಮತ್ತೆ 1ರಿಂದ ಹೆಸರಿಡಲು ಶುರು ಮಾಡುತ್ತದೆ, ಹಳೆಯ ಎಸ್_1 ಮಾತ್ರ ಸರ್ವರ್ ಕಡೆ ಇನ್ನೂ ಕೂತಿರುತ್ತದೆ.

ಇಲ್ಲಿ ಮೊದಲು ನೋಡಬೇಕಾದದ್ದು ಡ್ರೈವರ್ ಅಲ್ಲ, ಪೂಲರ್‌ನ ಆವೃತ್ತಿ. ಪೋಸ್ಟ್‌ಗ್ರೆಸ್‌ನ ಪೂಲರ್ ಆದ ಪಿಜಿಬೌನ್ಸರ್ 2023ರ ಅಕ್ಟೋಬರ್‌ನಲ್ಲಿ ಬಂದ 1.21ರಿಂದ ಇದನ್ನು ತಾನೇ ಸಂಭಾಳಿಸುತ್ತದೆ. ‘ಮ್ಯಾಕ್ಸ್ ಪ್ರಿಪೇರ್ಡ್ ಸ್ಟೇಟ್‌ಮೆಂಟ್ಸ್’ ಎಂಬ ಸೆಟ್ಟಿಂಗ್ 0ಗಿಂತ ಜಾಸ್ತಿ ಇದ್ದರೆ, ಡ್ರೈವರ್ ಇಟ್ಟ ಹೆಸರನ್ನು ಅದು ತನ್ನದೇ ಹೆಸರಿಗೆ ಬದಲಿಸಿಕೊಳ್ಳುತ್ತದೆ. ಕ್ವೆರಿಯ ಪಠ್ಯ ಅದರ ಬಳಿ ಇರುತ್ತದೆ. ನಿಮಗೆ ಸಿಕ್ಕ ಸರ್ವರ್ ಕನೆಕ್ಷನ್‌ನಲ್ಲಿ ಆ ಸ್ಟೇಟ್‌ಮೆಂಟ್ ಇಲ್ಲದಿದ್ದರೆ ತಾನೇ ಅಲ್ಲಿ ಪ್ರಿಪೇರ್ ಮಾಡಿ ಆಮೇಲೆ ಓಡಿಸುತ್ತದೆ. ಎರಡು ಅಪ್ಲಿಕೇಶನ್‌ಗಳು ಒಂದೇ ಕ್ವೆರಿಯನ್ನು ಬೇರೆ ಹೆಸರಿನಲ್ಲಿ ಕಳಿಸಿದರೂ ಸರ್ವರ್ ಕಡೆ ಒಂದೇ ಪ್ರತಿ. 1.21ರಲ್ಲಿ ಇದರ ಡಿಫಾಲ್ಟ್ 0 ಇತ್ತು, ನೀವೇ ಆನ್ ಮಾಡಬೇಕಿತ್ತು. 1.24ರಿಂದ ಡಿಫಾಲ್ಟ್ 200.

ಇದಕ್ಕೂ ಮಿತಿ ಇದೆ. ಪ್ರೋಟೊಕಾಲ್ ಮಟ್ಟದಲ್ಲಿ ಡ್ರೈವರ್ ಮಾಡುವ ಪ್ರಿಪೇರ್ ಮಾತ್ರ ಪೂಲರ್‌ಗೆ ಅರ್ಥವಾಗುತ್ತದೆ. ನಿಮ್ಮ ಕೋಡಿನಲ್ಲೇ ‘ಪ್ರಿಪೇರ್’ ಎಂಬ ಎಸ್‌ಕ್ಯುಎಲ್ ಆದೇಶ ಬರೆದಿದ್ದರೆ ಅದು ಗೊತ್ತಾಗುವುದಿಲ್ಲ. ಅಳಿಸುವ ವಿಷಯದಲ್ಲೂ ಹೀಗೇ. ಸೈಕೋಪಿಜಿ ಹಳೆಯ ಸ್ಟೇಟ್‌ಮೆಂಟ್ ಅಳಿಸಲು ಎಸ್‌ಕ್ಯುಎಲ್ ಆದೇಶವನ್ನೇ ಬಳಸುತ್ತಿತ್ತು. ಹಾಗಾಗಿ ಅದಕ್ಕೆ ಸೈಕೋಪಿಜಿ 3.2, ಪಿಜಿಬೌನ್ಸರ್ 1.22 ಮತ್ತು ಪೋಸ್ಟ್‌ಗ್ರೆಸ್ 17ರ ಕ್ಲೈಂಟ್ ಲೈಬ್ರರಿ ಮೂರೂ ಕೂಡಿದರೆ ಮಾತ್ರ ಸರಿ. ಮೂರರಲ್ಲಿ ಒಂದು ಹಳೆಯದಾಗಿದ್ದರೂ ಡ್ರೈವರ್‌ನಲ್ಲಿ ಆಫ್ ಮಾಡುವುದೇ ವಾಸಿ.

ನನ್ನ ಆಯ್ಕೆಯ ಕ್ರಮ ಹೀಗಿದೆ. ಪೂಲರ್ ಹೊಸದಿದ್ದರೆ ಅಲ್ಲೇ ಆನ್ ಮಾಡಿ, ಡ್ರೈವರ್ ಮುಟ್ಟಬೇಡಿ. ಪೂಲರ್ ಹಳೆಯದು ಅಥವಾ ನಿಮ್ಮ ಕೈಯಲ್ಲಿಲ್ಲ ಅಂದರೆ ಡ್ರೈವರ್‌ನಲ್ಲಿ ಹೆಸರಿಡುವುದನ್ನು ನಿಲ್ಲಿಸಿ, ಎಕ್ಸ್‌ಟೆಂಡೆಡ್ ರೀತಿಯಲ್ಲೇ ಉಳಿಯಿರಿ. ಅದೂ ಆಗದಿದ್ದರೆ ಮಾತ್ರ ಸಿಂಪಲ್.

ಎರರ್ ಇಲ್ಲ, ಆದರೆ ಕ್ವೆರಿ ನಿಧಾನ ಆಗಿದೆ

ಇದು ಎರರ್‌ಗಿಂತ ಕಷ್ಟದ ವಿಷಯ, ಯಾಕೆಂದರೆ ಲಾಗ್‌ನಲ್ಲಿ ಏನೂ ಕಾಣುವುದಿಲ್ಲ.

ಹೆಸರಿಟ್ಟ ಸ್ಟೇಟ್‌ಮೆಂಟ್‌ಗೆ ಪೋಸ್ಟ್‌ಗ್ರೆಸ್ ಮೊದಲ 5 ಸಲ ಬಂದ ಮೌಲ್ಯ ನೋಡಿಯೇ ಪ್ಲ್ಯಾನ್ ಮಾಡುತ್ತದೆ. ಇದು ಕಸ್ಟಮ್ ಪ್ಲ್ಯಾನ್. ಆಮೇಲೆ ಮೌಲ್ಯ ನೋಡದೆ ಎಲ್ಲದಕ್ಕೂ ಆಗುವಂಥ ಒಂದು ಜನೆರಿಕ್ ಪ್ಲ್ಯಾನ್ ತಯಾರಿಸಿ, ಅದರ ಅಂದಾಜು ವೆಚ್ಚವನ್ನು ಆ 5ರ ಸರಾಸರಿ ಜೊತೆ ಹೋಲಿಸುತ್ತದೆ. ಜನೆರಿಕ್ ಅಗ್ಗ ಅನ್ನಿಸಿದರೆ ಅದನ್ನೇ ಹಿಡಿದುಕೊಳ್ಳುತ್ತದೆ. ಜೆಡಿಬಿಸಿಯಲ್ಲಿ ಡ್ರೈವರ್ 4 ಸಲ ಸುಮ್ಮನಿದ್ದು 5ನೆಯದರಲ್ಲಿ ಹೆಸರಿಡುತ್ತದೆ, ಅಲ್ಲಿಂದ ಸರ್ವರ್‌ನ 5 ಶುರು. ಹಾಗಾಗಿ ಬದಲಾವಣೆ ಕಾಣುವುದು 10ನೇ ಸಲ. ‘ಒಂಬತ್ತು ಸಲ ಚೆನ್ನಾಗಿತ್ತು, ಆಮೇಲೆ ಕೆಟ್ಟಿತು’ ಎಂದು ಯಾರಾದರೂ ಹೇಳಿದರೆ ಅವರಿಗೆ ಭ್ರಮೆ ಅಂತ ತಳ್ಳಿಹಾಕಬೇಡಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಕೆಲಸಗಳ ಸರದಿಯ ಟೇಬಲ್ ಇದೆ, 1 ಕೋಟಿ ಸಾಲು. ಸ್ಥಿತಿ ಎಂಬ ಕಾಲಂನಲ್ಲಿ 4 ಮೌಲ್ಯಗಳು. 99 ಶೇಕಡಾ ಸಾಲುಗಳು ‘ಮುಗಿದಿದೆ’, ‘ಬಾಕಿ’ ಇರುವುದು ಕೆಲವೇ ನೂರು. ಸ್ಥಿತಿಯ ಮೇಲೆ ಇಂಡೆಕ್ಸ್ (ಬೇಕಾದ ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಇದೆ. ‘ಬಾಕಿ’ ಎಂದು ಕೇಳಿದಾಗ ಕಸ್ಟಮ್ ಪ್ಲ್ಯಾನ್ ಇಂಡೆಕ್ಸ್ ಹಿಡಿದು ಕ್ಷಣದಲ್ಲಿ ಮುಗಿಸುತ್ತದೆ. ಜನೆರಿಕ್ ಪ್ಲ್ಯಾನ್‌ಗೆ ಮೌಲ್ಯ ಗೊತ್ತಿಲ್ಲ. 4 ಮೌಲ್ಯ ಇವೆ, ಹಾಗಾದರೆ ಕಾಲು ಭಾಗ ಸಾಲು ಬರಬಹುದು ಎಂದು ಎಣಿಸುತ್ತದೆ. 25 ಲಕ್ಷ ಸಾಲು ಅಂದರೆ ಇಡೀ ಟೇಬಲ್ ಓದುವುದೇ ಸರಿ ಅನ್ನಿಸುತ್ತದೆ.

ಈಗ ನಿಜವಾದ ತಿರುವು. ಒಂದು ಕನೆಕ್ಷನ್‌ನಲ್ಲಿ ಮೊದಲ 5 ಸಲವೂ ‘ಬಾಕಿ’ ಬಂದಿದ್ದರೆ ಸರಾಸರಿ ವೆಚ್ಚ ತೀರಾ ಕಡಿಮೆ ಇರುತ್ತದೆ. ಜನೆರಿಕ್ ದುಬಾರಿ ಅನ್ನಿಸಿ ಸರ್ವರ್ ಅದನ್ನು ಬಿಟ್ಟುಬಿಡುತ್ತದೆ. ಇನ್ನೊಂದು ಕನೆಕ್ಷನ್‌ನಲ್ಲಿ ಮೊದಲ 5 ಸಲ ‘ಮುಗಿದಿದೆ’ ಬಂದಿತ್ತು ಅನ್ನಿ. ಆಗ ಕಸ್ಟಮ್ ಪ್ಲ್ಯಾನ್ ಕೂಡ ಇಡೀ ಟೇಬಲ್ ಓದಿದ್ದೇ, ಸರಾಸರಿ ಮೇಲಿರುತ್ತದೆ, ಜನೆರಿಕ್ ಗೆಲ್ಲುತ್ತದೆ. ಅಲ್ಲಿಂದ ಮುಂದೆ ಆ ಕನೆಕ್ಷನ್‌ಗೆ ಬಂದ ಪ್ರತಿ ‘ಬಾಕಿ’ ಕೂಡ 1 ಕೋಟಿ ಸಾಲು ದಾಟಿ ಹೋಗಬೇಕು. ಒಂದೇ ಕ್ವೆರಿ, ಒಂದೇ ಮೌಲ್ಯ, ಒಂದೇ ಡೇಟಾಬೇಸ್. ಒಂದು ಕನೆಕ್ಷನ್‌ನಲ್ಲಿ ಮಿಂಚು, ಇನ್ನೊಂದರಲ್ಲಿ ಆಮೆ. ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ಇದನ್ನು ಹಿಡಿಯಲು ದಿನಗಟ್ಟಲೆ ಒದ್ದಾಡಿದವರ ಸಂಕಟ ನನಗೆ ಚೆನ್ನಾಗಿ ಗೊತ್ತು.

ಇದಕ್ಕೆ ಡ್ರೈವರ್‌ನಲ್ಲಿ ಎಲ್ಲವನ್ನೂ ಆಫ್ ಮಾಡುವುದು ಇಲಿಗೆ ಹೆದರಿ ಮನೆ ಸುಟ್ಟಂತೆ. ಪೋಸ್ಟ್‌ಗ್ರೆಸ್ 12ರಿಂದ ‘ಪ್ಲ್ಯಾನ್ ಕ್ಯಾಶೆ ಮೋಡ್’ ಎಂಬ ಸೆಟ್ಟಿಂಗ್ ಇದೆ. ಅದಕ್ಕೆ ‘ಫೋರ್ಸ್ ಕಸ್ಟಮ್ ಪ್ಲ್ಯಾನ್’ ಕೊಟ್ಟರೆ ಪ್ರತಿ ಸಲ ಮೌಲ್ಯ ನೋಡಿಯೇ ಪ್ಲ್ಯಾನ್ ಆಗುತ್ತದೆ. ಪಾರ್ಸ್ ಮಾಡುವ ಸಮಯ ಮಾತ್ರ ಉಳಿತಾಯವಾಗಿಯೇ ಇರುತ್ತದೆ. ಒಂದು ರೋಲ್‌ಗೆ (ಡೇಟಾಬೇಸ್ ಬಳಕೆದಾರರ ಖಾತೆಗೆ) ಮಾತ್ರ, ಅಥವಾ ಒಂದು ಟ್ರಾನ್ಸಾಕ್ಷನ್ ಒಳಗೆ ಮಾತ್ರ ಹಾಕಬಹುದು. ಟ್ರಾನ್ಸಾಕ್ಷನ್ ಪೂಲರ್ ಇದ್ದರೆ ಈ ಕೊನೆಯದೇ ಒಳ್ಳೆಯದು, ಸೆಟ್ಟಿಂಗ್ ಬೇರೆಯವರ ಕೈಗೆ ಸೋರುವುದಿಲ್ಲ.

ಇನ್ನೂ ಚಿಕ್ಕ ಮದ್ದು ಬೇಕಾದರೆ ಕ್ವೆರಿಯಲ್ಲೇ ಇದೆ. ‘ಬಾಕಿ’ ಬಳಕೆದಾರರು ಕೊಟ್ಟ ಮೌಲ್ಯವಲ್ಲ, ನಿಮ್ಮ ಕೋಡಿನ ಸ್ಥಿರ ಪದ, ಅಲ್ವಾ? ಹಾಗಾದರೆ ಅದನ್ನು ಪ್ಯಾರಾಮೀಟರ್ ಮಾಡದೆ ಕ್ವೆರಿಯಲ್ಲೇ ನೇರ ಬರೆಯಿರಿ. ಆಗ ಪ್ಲ್ಯಾನರ್‌ಗೆ ಯಾವಾಗಲೂ ಅದು ಗೊತ್ತಿರುತ್ತದೆ. ‘ಬಾಕಿ’ ಸಾಲುಗಳಿಗೆ ಮಾತ್ರ ಮಾಡಿದ ಪಾರ್ಶಿಯಲ್ ಇಂಡೆಕ್ಸ್ ಇದ್ದರೆ ಅದೂ ಬಳಕೆಗೆ ಬರುತ್ತದೆ. ಜನೆರಿಕ್ ಪ್ಲ್ಯಾನ್‌ಗೆ ಅಂಥ ಇಂಡೆಕ್ಸ್ ಮುಟ್ಟಲು ಆಗುವುದೇ ಇಲ್ಲ. ಇಂಥ ಹತ್ತು ಕ್ವೆರಿಗಳಲ್ಲಿ ಒಂಬತ್ತಕ್ಕೆ ನಾನು ಇದೇ ಮದ್ದು ಕೊಡುತ್ತೇನೆ.

ಸೈಕೋಪಿಜಿಯಲ್ಲಿ ಒಂದೊಂದು ಕರೆಗೂ ಪ್ರಿಪೇರ್ ಬೇಕು ಅಥವಾ ಬೇಡ ಎಂದು ಹೇಳಬಹುದು. ಜೆಡಿಬಿಸಿಯಲ್ಲೂ ಒಂದು ಸ್ಟೇಟ್‌ಮೆಂಟ್‌ಗೆ ಮಾತ್ರ ಥ್ರೆಶೋಲ್ಡ್ ಬದಲಿಸಬಹುದು. ವರದಿ ತೆಗೆಯುವ ದೊಡ್ಡ ಕ್ವೆರಿಗೆ ಇದು ಸರಿ. ಅದು ದಿನಕ್ಕೆ ನಾಲ್ಕು ಸಲ ಓಡುತ್ತದೆ, ಪ್ಲ್ಯಾನ್ ಮಾಡುವ ಕೆಲವು ಮಿಲಿಸೆಕೆಂಡ್ ಉಳಿಸಿ ಏನೂ ಆಗಬೇಕಿಲ್ಲ.

ನೆನಪಿನ ಲೆಕ್ಕ

ಕ್ಯಾಶೆ ಪ್ರತಿ ಕನೆಕ್ಷನ್‌ಗೂ ಬೇರೆ. 200 ಕನೆಕ್ಷನ್, ತಲಾ 256 ಸ್ಟೇಟ್‌ಮೆಂಟ್ ಅಂದರೆ ಸರ್ವರ್ ಕಡೆ 51,200 ಪ್ರತಿಗಳು. ಸಣ್ಣ ಕ್ವೆರಿಗಳಾದರೆ ಪರವಾಗಿಲ್ಲ. ನೂರಾರು ಪಾರ್ಟಿಶನ್ (ಟೇಬಲ್ ಒಡೆದ ತುಂಡು) ಇರುವ ಟೇಬಲ್ ಮೇಲಿನ ಜನೆರಿಕ್ ಪ್ಲ್ಯಾನ್ ಎಲ್ಲ ಪಾರ್ಟಿಶನ್‌ಗಳನ್ನೂ ಹೊತ್ತುಕೊಂಡಿರಬೇಕಾಗಬಹುದು. ಹಾಗಾದಾಗ ನೆನಪು ಬೇಗ ಏರುತ್ತದೆ.

ಕ್ಯಾಶೆ ತುಂಬಿಸುವ ದೊಡ್ಡ ಅಪರಾಧಿ ‘ಇನ್’ ಪಟ್ಟಿ, ಅಂದರೆ ‘ಈ ಐಡಿಗಳಲ್ಲಿ ಯಾವುದಾದರೂ’ ಎಂದು ಕೇಳುವ ಪಟ್ಟಿ. 3 ಐಡಿ ಇರುವ ಪಟ್ಟಿ ಒಂದು ಸ್ಟೇಟ್‌ಮೆಂಟ್, 4 ಇದ್ದರೆ ಇನ್ನೊಂದು, 57 ಇದ್ದರೆ ಮತ್ತೊಂದು. ಒಂದೇ ಕ್ವೆರಿ ನೂರು ವೇಷದಲ್ಲಿ ಬಂದು, ನಿಜವಾಗಿ ಬೇಕಾದವನ್ನು ಕ್ಯಾಶೆಯಿಂದ ಹೊರಗೆ ದಬ್ಬುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಎನಿ’ ಬಳಸಿ ಇಡೀ ಪಟ್ಟಿಯನ್ನು ಒಂದೇ ಅರೇ ಪ್ಯಾರಾಮೀಟರ್ ಆಗಿ ಕಳಿಸಿ, ಒಂದೇ ಸ್ಟೇಟ್‌ಮೆಂಟ್ ಆಗುತ್ತದೆ. ಇದನ್ನು ಮಾಡದೆ ಕ್ಯಾಶೆ ಗಾತ್ರ ಏರಿಸುವುದು ಸುಮ್ನೆ ನೆನಪು ಸುಡುವ ಕೆಲಸ.

ಮೈಎಸ್‌ಕ್ಯುಎಲ್ ಬಳಸುವವರಿಗೆ ಎರಡು ಮಾತು. ಅದರ ಜಾವಾ ಡ್ರೈವರ್ ಡಿಫಾಲ್ಟ್ ಆಗಿ ಸರ್ವರ್ ಕಡೆ ಪ್ರಿಪೇರ್ ಮಾಡುವುದಿಲ್ಲ, ತಾನೇ ಮೌಲ್ಯ ತುಂಬಿ ಕಳಿಸುತ್ತದೆ. ಸರ್ವರ್ ಪ್ರಿಪೇರ್ ಆನ್ ಮಾಡಿದರೆ ಅದರ ಜೊತೆಗೆ ಕ್ಯಾಶೆಯನ್ನೂ ಆನ್ ಮಾಡಿ. ಇಲ್ಲದಿದ್ದರೆ ಪ್ರತಿ ಸಲ ಪ್ರಿಪೇರ್ ಮಾಡಿ, ಓಡಿಸಿ, ಮುಚ್ಚಿ ಓಡಾಟವೇ ಜಾಸ್ತಿ ಆಗುತ್ತದೆ. ಅಲ್ಲಿ ಇಡೀ ಸರ್ವರ್‌ಗೆ ಒಟ್ಟು ಮಿತಿ ಇದೆ, ಡಿಫಾಲ್ಟ್ 16,382. 200 ಕನೆಕ್ಷನ್ ತಲಾ 100 ಇಟ್ಟರೆ ಅದು ದಾಟಿಹೋಯಿತು.

ಟೇಬಲ್ ಬದಲಿಸಿದ ದಿನ

ಓಡುತ್ತಿರುವ ಸಿಸ್ಟಂನಲ್ಲಿ ಟೇಬಲ್‌ಗೆ ಒಂದು ಕಾಲಂ ಸೇರಿಸಿದಿರಿ. ನಕ್ಷತ್ರ ಹಾಕಿ ಎಲ್ಲ ಕಾಲಂ ಕೇಳುವ ಹಳೆಯ ಸ್ಟೇಟ್‌ಮೆಂಟ್‌ಗಳು ತಕ್ಷಣ ಸಿಡಿಯುತ್ತವೆ. ಇಟ್ಟುಕೊಂಡ ಪ್ಲ್ಯಾನ್‌ನ ಫಲಿತಾಂಶದ ಟೈಪ್ ಬದಲಾಗಬಾರದು ಎಂದು ಪೋಸ್ಟ್‌ಗ್ರೆಸ್ ಹೇಳುತ್ತದೆ. ಬೇಕಾದ ಕಾಲಂಗಳ ಹೆಸರು ಬರೆದಿದ್ದರೆ ಈ ತೊಂದರೆ ಇರುವುದಿಲ್ಲ, ಅದೇ ನೇರ ಪರಿಹಾರ. ಜೆಡಿಬಿಸಿಯಲ್ಲಿ ‘ಆಟೋಸೇವ್’ ಅನ್ನು ಕನ್ಸರ್ವೇಟಿವ್ ಮಾಡಿದರೆ, ಟ್ರಾನ್ಸಾಕ್ಷನ್ ಒಳಗೆ ಈ ಎರರ್ ಬಂದಾಗ ಡ್ರೈವರ್ ಸೇವ್‌ಪಾಯಿಂಟ್‌ಗೆ (ಟ್ರಾನ್ಸಾಕ್ಷನ್ ನಡುವೆ ಗುರುತಿಟ್ಟ ಜಾಗಕ್ಕೆ) ಹಿಂತಿರುಗಿ ಮತ್ತೆ ಪ್ರಯತ್ನಿಸುತ್ತದೆ. ಅದಕ್ಕಾಗಿ ಕ್ವೆರಿಗೊಂದು ಸೇವ್‌ಪಾಯಿಂಟ್ ಇಡುವ ಖರ್ಚು ಮಾತ್ರ ನಿಮ್ಮದು.

ಮುಟ್ಟುವ ಮೊದಲು ಅಳೆಯಿರಿ

ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ_ಪ್ರಿಪೇರ್ಡ್_ಸ್ಟೇಟ್‌ಮೆಂಟ್ಸ್’ ಎಂಬ ವ್ಯೂ ಇದೆ. 14ನೇ ಆವೃತ್ತಿಯಿಂದ ಪ್ರತಿ ಸ್ಟೇಟ್‌ಮೆಂಟ್ ಎಷ್ಟು ಸಲ ಜನೆರಿಕ್, ಎಷ್ಟು ಸಲ ಕಸ್ಟಮ್ ಪ್ಲ್ಯಾನ್ ಬಳಸಿತು ಎಂದೂ ತೋರಿಸುತ್ತದೆ. ಆದರೆ ಅದು ತೋರಿಸುವುದು ಕೇಳಿದ ಕನೆಕ್ಷನ್‌ನದ್ದು ಮಾತ್ರ. ನಿಮ್ಮ ಟರ್ಮಿನಲ್‌ನಿಂದ ನೋಡಿದರೆ ಖಾಲಿ ಕಾಣುತ್ತದೆ, ಖಾಲಿ ನೋಡಿ ‘ನಮ್ಮಲ್ಲಿ ಪ್ರಿಪೇರ್ ಆಗ್ತಾನೇ ಇಲ್ಲ’ ಎಂದು ತೀರ್ಮಾನಿಸಬೇಡಿ. ಅಪ್ಲಿಕೇಶನ್ ಒಳಗೇ ಒಂದು ಗುಟ್ಟಿನ ಪುಟ ಮಾಡಿ, ಅದೇ ಕನೆಕ್ಷನ್‌ನಿಂದ ಕೇಳಿಸಿ ಓದಿ.

ಜನೆರಿಕ್ ಪ್ಲ್ಯಾನ್ ಹೇಗಿರುತ್ತದೆ ಎಂದು ನೋಡಲು 16ನೇ ಆವೃತ್ತಿಯಿಂದ ‘ಎಕ್ಸ್‌ಪ್ಲೇನ್’ ಆದೇಶಕ್ಕೆ ‘ಜನೆರಿಕ್ ಪ್ಲ್ಯಾನ್’ ಆಯ್ಕೆಯೇ ಬಂದಿದೆ, ಮೌಲ್ಯ ಕೊಡದೆ ಪ್ಲ್ಯಾನ್ ನೋಡಬಹುದು. ಪ್ಲ್ಯಾನ್ ಮಾಡಲು ಎಷ್ಟು ಸಮಯ ಹೋಗುತ್ತಿದೆ ಎಂದು ತಿಳಿಯಲು ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್’ನಲ್ಲಿ ಪ್ಲ್ಯಾನಿಂಗ್ ಎಣಿಕೆ ಆನ್ ಮಾಡಿ, ಅದು ಡಿಫಾಲ್ಟ್ ಆಗಿ ಆಫ್ ಇರುತ್ತದೆ. ಓಡುವ ಸಮಯಕ್ಕಿಂತ ಪ್ಲ್ಯಾನ್ ಸಮಯವೇ ದೊಡ್ಡದಿದ್ದರೆ ಪ್ರಿಪೇರ್ ಇಟ್ಟುಕೊಳ್ಳಿ. ಪ್ಲ್ಯಾನ್ ಸಮಯ ಲೆಕ್ಕಕ್ಕೇ ಇಲ್ಲ ಅಂದರೆ ಆಫ್ ಮಾಡಿದರೂ ನಷ್ಟವಿಲ್ಲ.

ಬದಲಾವಣೆ ಆದ ಮೇಲೆ ಪರೀಕ್ಷೆ ಮಾಡುವಾಗ ಪ್ರತಿ ಕ್ವೆರಿಯನ್ನು ಕನಿಷ್ಠ 15 ಸಲ ಓಡಿಸಿ, ಒಂದೇ ಕನೆಕ್ಷನ್‌ನಲ್ಲಿ, ಬೇರೆ ಬೇರೆ ಮೌಲ್ಯ ಕೊಟ್ಟು. ನಡುವೆ ಪೂಲರ್ ಇದ್ದರೆ ಅದರ ಸರ್ವರ್ ಕನೆಕ್ಷನ್‌ಗಳನ್ನು 2ಕ್ಕೆ ಇಳಿಸಿ, ಅಪ್ಲಿಕೇಶನ್‌ನ 10 ಪ್ರತಿ ಓಡಿಸಿ, ಅವುಗಳಲ್ಲಿ ಒಂದೆರಡನ್ನು ಮಧ್ಯದಲ್ಲೇ ರೀಸ್ಟಾರ್ಟ್ ಮಾಡಿ. ಹೆಸರಿನ ಜಗಳ ಇದ್ದರೆ ಅಲ್ಲೇ ಎದ್ದು ಬರುತ್ತದೆ. ಆ ಬೆಳಿಗ್ಗೆಗೆ ಮುಂಚೆ ನಾವು ಮಾಡಬೇಕಿದ್ದದ್ದು ಇಷ್ಟೇ.